ಬೀಜಕ್ಕೆ ಬಿಟ್ಟ ಕಾಯಿ

ವರದಾ ನದಿಯ ದಂಡೆಯ ಹೊಸರಿತ್ತಿಯಿಂದ ಹಿಡಿದು ಬ್ಯಾಡಗಿ, ರಾಣೇಬೆನ್ನೂರಿನವರೆಗೆ ಯಾವುದಾದರೂ ಹೊಲದ ಬದುವಿನ ಮೇಲೆ ನಿಂತು "ಯಾವ ಮೆಣಸಿನಕಾಯಿ ಹಚ್ಚೀರಿ?" ಎಂದು ಕೇಳಿ ನೋಡಿ. ಈಗ ಉತ್ತರವಾಗಿ ಹೆಸರಿಗಿಂತ ನಂಬರು ಬರುವುದೇ ಹೆಚ್ಚು. ಒಬ್ಬರು 2043 ಅನ್ನುತ್ತಾರೆ, ಇನ್ನೊಬ್ಬರು 5531 ಅನ್ನುತ್ತಾರೆ. ಡಬ್ಬಿ, ಕಡ್ಡಿ ಎಂಬ ಹೆಸರುಗಳನ್ನು ಕಾಯಿ ನೋಡಿದವರು ಇಟ್ಟಿದ್ದರು. ಗಿಡ್ಡಗೆ, ದಪ್ಪಗೆ, ಮೈತುಂಬ ನೆರಿಗೆ ಬಿದ್ದದ್ದು ಡಬ್ಬಿ. ಉದ್ದಕ್ಕೆ, ತೆಳ್ಳಗೆ ಇರುವುದು ಕಡ್ಡಿ. ನಂಬರನ್ನು ಇಟ್ಟವರು ಯಾರು, ಏನು ನೋಡಿ ಇಟ್ಟರು ಎಂಬುದು ಅದನ್ನು ಬೆಳೆಯುವವನಿಗೆ ಗೊತ್ತಿಲ್ಲ. ಗೊತ್ತಿರಬೇಕು ಎಂದು ಯಾರಿಗೂ ಅನ್ನಿಸಿಲ್ಲ.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹಳಹಳಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ನನ್ನ ತಕರಾರು ಒಂದೇ. ಮುಂದಿನ ವರ್ಷ ಯಾವುದನ್ನು ಮತ್ತೆ ಬೆಳೆಯಬೇಕು ಎಂದು ಆರಿಸುವ ಕೆಲಸವನ್ನು ನಾವು ಸದ್ದಿಲ್ಲದೆ ಬಿಟ್ಟುಕೊಟ್ಟಿದ್ದೇವೆ. ನಾಟಿ ಬೀಜ ಹೋಯಿತು ಎಂದು ಮರುಗುವವರು ಬಹಳ ಜನ ಇದ್ದಾರೆ. ಆರಿಸುವ ಕಣ್ಣು ಹೋಯಿತು ಎಂದು ಮರುಗುವವರು ಕಾಣುವುದಿಲ್ಲ. ಬೀಜ ಹೋದರೆ ಇನ್ನೊಂದು ಊರಿಂದ ಒಂದು ಹಿಡಿ ತರಬಹುದು. ಕಣ್ಣು ಹೋದರೆ ಹಾಗೆ ತಂದ ಬೀಜವೂ ನಾಲ್ಕು ವರ್ಷಕ್ಕೆ ಬೆರಕೆಯಾಗಿ ಕೆಟ್ಟುಹೋಗುತ್ತದೆ.

ಆ ಕಣ್ಣು ಏನು ಮಾಡುತ್ತಿತ್ತು ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಹಿತ್ತಲಲ್ಲಿ ಹತ್ತು ಬದನೆ ಗಿಡ ಇದ್ದರೆ ರೋಗ ತಡೆದುಕೊಂಡು ನಿಂತದ್ದು ಯಾವುದು, ಮಳೆ ಕೈಕೊಟ್ಟಾಗಲೂ ಕಾಯಿ ಬಿಟ್ಟದ್ದು ಯಾವುದು, ಎಣಗಾಯಿ ಮಾಡಿದಾಗ ಮಸಾಲೆ ಹಿಡಿದುಕೊಂಡು ಒಡೆಯದೆ ಬೆಂದದ್ದು ಯಾವುದು ಎಂದು ಮನೆಯ ಹೆಣ್ಣುಮಗಳಿಗೆ ಗೊತ್ತಿರುತ್ತಿತ್ತು. ಆ ಗಿಡಕ್ಕೆ ಒಂದು ಚಿಂದಿ ಕಟ್ಟುತ್ತಿದ್ದಳು. "ಅದು ಬೀಜದ್ದೈತಿ, ಕೈ ಹಚ್ಚಬ್ಯಾಡ್ರಿ" ಅಂದರೆ ಮುಗಿಯಿತು, ಮನೆ ಯಜಮಾನನೂ ಆ ಕಾಯಿ ಹರಿಯುವ ಹಾಗಿರಲಿಲ್ಲ. ಬದನೆ ಹಳದಿಗೆ ತಿರುಗುವವರೆಗೆ, ಹೀರೇಕಾಯಿ ಬಳ್ಳಿಯಲ್ಲೇ ಒಣಗಿ ಅಲ್ಲಾಡಿಸಿದರೆ ಗಿಲಗಿಲ ಅನ್ನುವವರೆಗೆ ಕಾಯುವುದು. ಮೆಣಸಿನಕಾಯಿಯನ್ನು ಕಣದಲ್ಲಿ ಒಣಹಾಕಿದಾಗ ಬಣ್ಣ, ನೆರಿಗೆ, ತೂಕ ನೋಡಿ ಒಳ್ಳೆಯದನ್ನು ಮಾರುವುದಕ್ಕೆ ಮೊದಲೇ ಬೇರೆ ತೆಗೆದಿಡುವುದು. ಆಮೇಲೆ ಬೂದಿ ಬೆರೆಸಿ ಗಡಿಗೆಗೆ ಹಾಕಿ ಬಾಯಿ ಕಟ್ಟುವುದು. ಕೃಷಿ ವಿಜ್ಞಾನ ಇದಕ್ಕೆ ಸಮೂಹ ಆಯ್ಕೆ ಎಂದು ಹೆಸರಿಟ್ಟು ತರಗತಿಯಲ್ಲಿ ಪಾಠ ಮಾಡುತ್ತದೆ. ಅಡುಗೆಮನೆಯಿಂದ ಹಿತ್ತಲಿಗೆ ಓಡಾಡುತ್ತ ಇದನ್ನು ಮಾಡುತ್ತಿದ್ದವಳನ್ನು ಮಾತ್ರ ನಾವು ಯಾವತ್ತೂ ತಳಿ ತಜ್ಞೆ ಎಂದು ಕರೆಯಲಿಲ್ಲ.

ಇಲ್ಲಿ ದೇಸಿ ಅಭಿಮಾನಿಗಳ ಜೊತೆಗೂ ನನ್ನದೊಂದು ಜಗಳವಿದೆ. ಮೆಣಸಿನಕಾಯಿ ನಮ್ಮ ನೆಲದ್ದಲ್ಲ. ಅಮೆರಿಕ ಖಂಡದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗಿನಲ್ಲಿ ಈ ಕಡೆಯ ಕರಾವಳಿಗೆ ಬಂದದ್ದು. ಟೊಮ್ಯಾಟೊ ಅಲ್ಲಿಯದೇ, ಆಲೂಗಡ್ಡೆಯೂ ಅಲ್ಲಿಯದೇ. ಹಡಗಿನಿಂದ ಇಳಿದ ಆ ಕಾಯಿ ಬ್ಯಾಡಗಿ ಮೆಣಸಿನಕಾಯಿ ಆಗಿರಲಿಲ್ಲ. ಖಾರ ಕಡಿಮೆ, ಬಣ್ಣ ಹೆಚ್ಚು, ಒಣಗಿದರೆ ಮೈಯೆಲ್ಲ ಸುಕ್ಕು ಎಂಬ ಗುಣಗಳನ್ನು ಈ ಭಾಗದ ಒಕ್ಕಲು ಮನೆಗಳು ವರ್ಷ ವರ್ಷ ಆರಿಸಿ ಆರಿಸಿ ಅದರಲ್ಲಿ ನಿಲ್ಲಿಸಿದವು. ನಾಟಿ ಎನ್ನುವುದು ಹುಟ್ಟಿನಿಂದ ಬರುವ ಜಾತಿಯಲ್ಲ. ಅದು ಎಷ್ಟೋ ತಲೆಮಾರು ನಡೆದ ಆಯ್ಕೆಯ ಫಲ. ಆರಿಸುವುದನ್ನು ನಿಲ್ಲಿಸಿದ ವರ್ಷದಿಂದ ಅದು ನಮ್ಮದಾಗಿ ಉಳಿಯುವುದಿಲ್ಲ.

ಹಾಗಾದರೆ ಹೈಬ್ರಿಡ್ ಕೆಟ್ಟದ್ದೇ? ಅಲ್ಲ. ಇಳುವರಿ ಹೆಚ್ಚು ಕೊಡುತ್ತದೆ, ಸಾಲ ಇರುವವನಿಗೆ ಇಳುವರಿಯೇ ಲೆಕ್ಕ. ಎಲೆ ಮುದುಡುವ ರೋಗ ಬಂದು ಹೊಲವೆಲ್ಲ ಮುರುಟಿಕೊಂಡಾಗ ರೈತ ಬೇರೆ ಬೀಜ ಹುಡುಕಿದ್ದರಲ್ಲಿ ತಪ್ಪೇನಿಲ್ಲ. ಆದರೆ ಹೈಬ್ರಿಡ್ಡಿನ ಒಂದು ಗುಣವನ್ನು ಮರೆಯಬಾರದು. ಎರಡು ಬೇರೆ ಸಾಲಿನ ಗಿಡಗಳನ್ನು ಕೂಡಿಸಿ ಮಾಡಿದ ಆ ಬೀಜ ಮೊದಲ ವರ್ಷ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಬೆಳೆಯುತ್ತದೆ. ಅದರ ಕಾಯಿಯ ಬೀಜ ತೆಗೆದು ಮರುವರ್ಷ ಹಾಕಿದರೆ ಒಂದು ಗಿಡ ಅಜ್ಜನ ಕಡೆ, ಇನ್ನೊಂದು ಅಜ್ಜಿಯ ಕಡೆ ಹೋಗುತ್ತದೆ. ಹೀಗಾಗಿ ಪ್ರತಿ ವರ್ಷ ಅಂಗಡಿಗೆ ಹೋಗಲೇಬೇಕು. ಅಂಗಡಿಯವರು ಈ ವರ್ಷ ಆ ನಂಬರು ನಿಂತಿದೆ ಎಂದರೆ ಅಲ್ಲಿಗೆ ಮುಗಿಯಿತು. ನಿಮಗೆ ಅದು ಎಷ್ಟೇ ಇಷ್ಟವಾಗಿದ್ದರೂ ಅದನ್ನು ಮತ್ತೆ ಬೆಳೆಯುವ ತೀರ್ಮಾನ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಈ ಮಾತು ಹಾವೇರಿ ಜಿಲ್ಲೆಯಲ್ಲಿ ಹೆಚ್ಚು ಚುಚ್ಚಬೇಕು. ಯಾಕೆಂದರೆ ಆ ಹೈಬ್ರಿಡ್ ಬೀಜ ತಯಾರಾಗುವುದೂ ಇಲ್ಲೇ. ರಾಣೇಬೆನ್ನೂರು ಎಂದರೆ ದೇಶದ ಬೀಜ ವ್ಯಾಪಾರದವರಿಗೆಲ್ಲ ಗೊತ್ತು. ಸುತ್ತಲಿನ ಹಳ್ಳಿಗಳಲ್ಲಿ ಟೊಮ್ಯಾಟೊ, ಮೆಣಸಿನಕಾಯಿ, ಬೆಂಡೆಯ ಬೀಜೋತ್ಪಾದನೆ ಕಂಪನಿಗಳ ಕರಾರಿನ ಮೇಲೆ ನಡೆಯುತ್ತದೆ. ಅರಳಬೇಕಾದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಹೆಣ್ಣು ಭಾಗಕ್ಕೆ ಪೆಟ್ಟಾಗದ ಹಾಗೆ ಗಂಡು ಭಾಗವನ್ನು ಕಿತ್ತು, ಮರುದಿನ ಬೆಳಿಗ್ಗೆ ಇನ್ನೊಂದು ಗಿಡದ ಪರಾಗ ತಂದು ಮುಟ್ಟಿಸಬೇಕು. ಊರಿನ ಬಾಯಲ್ಲಿ ಇದಕ್ಕೆ ಕ್ರಾಸಿಂಗ್ ಎಂದೇ ಹೆಸರು. ದಿನಕ್ಕೆ ನೂರಾರು ಹೂವಿನ ಮುಂದೆ ಬಗ್ಗಿ ನಿಲ್ಲುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಯಾವ ಗಂಡು ಸಾಲು, ಯಾವ ಹೆಣ್ಣು ಸಾಲು ಎಂಬುದು ಕಂಪನಿಯ ಗುಟ್ಟು. ಹಣ್ಣಿನಿಂದ ಬೀಜ ತೆಗೆದು, ತೊಳೆದು, ಒಣಗಿಸಿ, ತೂಗಿ ಕೊಟ್ಟರೆ ಇವರ ಪಾಲಿಗೆ ಮುಗಿಯಿತು. ಇಷ್ಟು ನಯವಾದ ಕೆಲಸ ಬಲ್ಲ ಕೈಗಳು ತಮ್ಮ ಹಿತ್ತಲಿಗೆ ಬೇಕಾದ ಬದನೆ ಬೀಜದ ಚೀಟನ್ನು ಸಂತೆಯಲ್ಲಿ ಕೊಳ್ಳುತ್ತವೆ. ಬೀಜ ಮಾಡುವ ವಿದ್ಯೆ ನಮ್ಮಲ್ಲಿ ಸತ್ತಿಲ್ಲ. ಅದು ಕೂಲಿಗೆ ಹೋಗಿದೆ, ಅಷ್ಟೇ.

ಇನ್ನು ಬ್ಯಾಡಗಿಯ ಮಾತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಎಲ್ಲರೂ ಹೆಮ್ಮೆಪಟ್ಟರು. ಆದರೆ ಆ ಗುರುತು ಕಾಯುವುದು ಹೆಸರನ್ನು, ಬೀಜವನ್ನಲ್ಲ. ಬ್ಯಾಡಗಿ ಮಾರುಕಟ್ಟೆಗೆ ಇಂದು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಲಾರಿಗಟ್ಟಲೆ ಕಾಯಿ ಬರುತ್ತದೆ, ಅದರಲ್ಲಿ ನಂಬರಿನ ಕಾಯಿಯೇ ದೊಡ್ಡ ಪಾಲು. ಸುತ್ತಲಿನ ಹೊಲಗಳಲ್ಲಿ ಹತ್ತಿ, ಗೋವಿನಜೋಳ ನಿಂತಿವೆ. 2024ರ ಮಾರ್ಚ್ 11ರಂದು ದರ ಬಿದ್ದ ಸಿಟ್ಟಿಗೆ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಎಲ್ಲರೂ ದರದ ಬಗ್ಗೆ ಮಾತಾಡಿದರು, ಮಾತಾಡಬೇಕಾದದ್ದೇ. ಆದರೆ ಒಂದು ಊರಿನ ಹೆಸರಿನ ಕಾಯಿ ಆ ಊರಿನ ಹೊಲದಿಂದ ಜಾಗ ಖಾಲಿ ಮಾಡಿ ಬರೀ ಮಾರುಕಟ್ಟೆಯ ಫಲಕದ ಮೇಲೆ ಉಳಿಯುತ್ತಿರುವುದು ಯಾವ ಬೇಡಿಕೆ ಪತ್ರದಲ್ಲೂ ಕಾಣಿಸಲಿಲ್ಲ.

ನಮಗೆ ಬೆಲೆ ಗೊತ್ತಿಲ್ಲದಿದ್ದರೂ ಬೇರೆಯವರಿಗೆ ಗೊತ್ತಿದೆ. ಬಿಟಿ ಬದನೆ ಮಾಡಲು ಹೊರಟಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೂಲಕ ಆರಿಸಿಕೊಂಡದ್ದು ಮಾಳಾಪುರ, ಕುಡಚಿ, ರಬಕವಿ, ಉಡುಪಿ ಎಂದು ಊರುಗಳ ಹೆಸರು ಹೊತ್ತ ಸ್ಥಳೀಯ ಬದನೆಗಳನ್ನು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿತು. ಈ ತಳಿಗಳನ್ನು ಅನುಮತಿ ಕೇಳದೆ ಬಳಸಿದ್ದರ ಬಗ್ಗೆ ದೂರು, ಮೊಕದ್ದಮೆಗಳೂ ಆದವು. ಅದರ ಸರಿ ತಪ್ಪು ಹಾಗಿರಲಿ. ಹೊಸದನ್ನು ಮಾಡಬೇಕಾದವರು ಹುಡುಕಿಕೊಂಡು ಬಂದದ್ದು ಯಾರೋ ಅಜ್ಜಿ ಚಿಂದಿ ಕಟ್ಟಿ ಉಳಿಸಿದ ಗಿಡದ ಸಂತತಿಯನ್ನೇ ಎಂಬುದು ಮುಖ್ಯ.

ಕಾನೂನು ನಮ್ಮ ಕಡೆಗಿದೆ ಎಂದು ಸಮಾಧಾನ ಹೇಳುವವರಿದ್ದಾರೆ. ನಿಜ, ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯ 39ನೇ ಕಲಮಿನಂತೆ ರೈತ ಬೀಜ ಇಟ್ಟುಕೊಳ್ಳಬಹುದು, ಮತ್ತೆ ಬಿತ್ತಬಹುದು, ಕೊಡುಕೊಳ್ಳಬಹುದು, ಬ್ರ್ಯಾಂಡಿನ ಹೆಸರು ಹಚ್ಚದೆ ಮಾರಲೂಬಹುದು. 2019ರಲ್ಲಿ ಪೆಪ್ಸಿಕೋ ಕಂಪನಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಕೋಟಿಗಟ್ಟಲೆ ಪರಿಹಾರಕ್ಕೆ ದಾವೆ ಹೂಡಿದಾಗ ರೈತರ ಪರ ನಿಂತವರು ಎತ್ತಿ ಹಿಡಿದದ್ದು ಈ ಕಲಮನ್ನೇ. ದೇಶದ ತುಂಬ ಕೂಗೆದ್ದ ಮೇಲೆ ಕಂಪನಿ ದಾವೆ ಹಿಂದಕ್ಕೆ ತೆಗೆದುಕೊಂಡಿತು. ನಮ್ಮದೇ ರಾಜ್ಯದ ರೈತ ಸಂಘ ತೊಂಬತ್ತರ ದಶಕದಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ಬೀಜ ಸತ್ಯಾಗ್ರಹ ಮಾಡಿತು, 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿತು. ಹೊರಗಿನ ಕಂಪನಿ ವಿರುದ್ಧ ಕೂಗುವುದು ನಮಗೆ ಚೆನ್ನಾಗಿ ಗೊತ್ತು. ಮನೆಯ ಹಿತ್ತಲಲ್ಲಿ ಎರಡು ಕಾಯಿ ಬಲಿಯಲು ಬಿಡುವುದು ಮಾತ್ರ ಮರೆತುಹೋಯಿತು. ಬೀಜ ಇಡುವ ಹಕ್ಕು ಕಾಗದದ ಮೇಲಿದ್ದು, ಇಡಬಹುದಾದ ಬೀಜವೇ ಮನೆಯಲ್ಲಿ ಇಲ್ಲದಿದ್ದರೆ ಆ ಹಕ್ಕಿನಿಂದ ಏನು ಬಂತು?

"ಇದೆಲ್ಲ ಪಗಾರ ಬರೋರ ಹವ್ಯಾಸ" ಎಂಬ ಮಾತು ಬರುತ್ತದೆ. ಹತ್ತು ಎಕರೆಯ ಪೇಟೆ ಬೆಳೆಯನ್ನು ನಾಳೆಯೇ ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಬದುವಿನಲ್ಲಿ ಒಂದು ಅಕ್ಕಡಿ ಸಾಲು, ಹಿತ್ತಲಲ್ಲಿ ನಾಲ್ಕು ಗಿಡ, ಇಷ್ಟಕ್ಕೆ ಪಗಾರ ಬೇಕಾಗಿಲ್ಲ. "ಪಕ್ಕದ ಹೊಲದ್ದು ಬೆರಕೆ ಆಗತೈತಿ" ಎಂಬುದು ಇನ್ನೊಂದು ಮಾತು, ಇದು ನಿಜವಾದ ತೊಂದರೆ. ಮೆಣಸಿನಕಾಯಿಯಲ್ಲಿ ಜೇನು, ಇರುವೆಗಳಿಂದ ಪರಾಗ ಬೆರೆಯುತ್ತದೆ. ಅದಕ್ಕೆ ಬೀಜಕ್ಕೆಂದು ಆರಿಸಿದ ಗಿಡವನ್ನು ಹೂವು ಅರಳುವ ಮುಂಚೆಯೇ ತೆಳು ಬಟ್ಟೆಯಿಂದ ಮುಚ್ಚಿ, ಕಾಯಿ ಕಟ್ಟಿದ ಮೇಲೆ ಗುರುತು ಹಾಕಿ ಬಟ್ಟೆ ತೆಗೆದರೆ ಸಾಕು. ಕ್ರಾಸಿಂಗ್ ಮಾಡಿದ ಕೈಗಳಿಗೆ ಇದು ಕಷ್ಟವೇ? ಟೊಮ್ಯಾಟೊ, ಬೀನ್ಸ್ ತಮ್ಮಷ್ಟಕ್ಕೆ ತಾವೇ ಕಾಯಿ ಕಟ್ಟುವಂಥವು. ಹೊಸಬರು ಅವುಗಳಿಂದ ಶುರು ಮಾಡಬಹುದು. ಅದು ಹಳೆಯದೇ ಆಗಿರಬೇಕೆಂಬ ಹಟವೂ ಬೇಡ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ ಹೈಬ್ರಿಡ್ ಅಲ್ಲ. ಅದರ ಬೀಜ ತೆಗೆದಿಟ್ಟು ಮತ್ತೆ ಹಾಕಬಹುದು. ಸರ್ಕಾರದ ದುಡ್ಡಿನಲ್ಲಿ ಇಂಥ ತಳಿಗಳು ಇನ್ನಷ್ಟು ಬರಲಿ ಎಂದು ಕೇಳಬೇಕು.

ಬೀಜ ಮೇಳಗಳ ಬಗ್ಗೆಯೂ ಒಂದು ಮಾತು. ಸಣ್ಣ ಬಾಟಲಿಯಲ್ಲಿ ಚೆಂದವಾಗಿ ಜೋಡಿಸಿ, ಚೀಟಿ ಅಂಟಿಸಿ, ಫೋಟೊ ತೆಗೆಸಿಕೊಂಡರೆ ಬೀಜ ಉಳಿಯುವುದಿಲ್ಲ. ಈರುಳ್ಳಿ ಬೀಜ ಒಂದೆರಡು ವರ್ಷದಲ್ಲೇ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಉಳಿಯಬೇಕಾದರೆ ಅದು ಮಣ್ಣಿಗೆ ಬೀಳಬೇಕು, ಯಾರಾದರೂ ತಿಂದು ನೋಡಿ ಇದು ಬೇಕು, ಅದು ಬೇಡ ಎನ್ನಬೇಕು. ಹಾಗೆ ಮಾಡುತ್ತಿರುವವರು ದೂರದಲ್ಲಿಲ್ಲ. ಪಕ್ಕದ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಸಿರಿಧಾನ್ಯದ ಬೀಜ ಬ್ಯಾಂಕ್ ನಡೆಸಿ 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಪಡೆಯಿತು. ಶಿರಸಿಯ ವನಸ್ತ್ರೀ ಬಳಗದ ಹೆಣ್ಣುಮಕ್ಕಳು ಮಲೆನಾಡಿನ ಹಿತ್ತಲು ತರಕಾರಿಗಳ ಬೀಜವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ. ಎರಡು ಕಡೆಯೂ ಬೀಜ ಓಡಾಡುತ್ತಿದೆ, ಅದಕ್ಕೇ ಬದುಕಿದೆ.

ನಮ್ಮ ಭಾಗಕ್ಕೆ ಆಗಬೇಕಾದ್ದು ದೊಡ್ಡದೇನಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲದ ಮೇಲೆ ಕಾಯಿಯ ಊರು ಮತ್ತು ಬೀಜದ ಹೆಸರು ಎರಡೂ ಇರಲಿ, ನಿಜವಾದ ಡಬ್ಬಿಗೆ ನಂಬರಿನ ಕಾಯಿಗಿಂತ ಬೇರೆ ದರ ಕೂಗಲಿ. ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಇರಬೇಕಾದ ದಾಖಲೆ ಪುಸ್ತಕದಲ್ಲಿ ಊರಿನ ಬದನೆ, ಹೀರೆ, ಸೌತಿ, ಅವರೆಗಳ ಹೆಸರನ್ನು ಬೆಳೆಯುವ ಹೆಂಗಸರ ಬಾಯಿಂದಲೇ ಕೇಳಿ ಬರೆಯಲಿ. ಓದಿನ ಜೊತೆ ದುಡಿಮೆಯನ್ನೂ ಕಲಿಸಬೇಕೆಂದು ಗಾಂಧಿ ಗ್ರಾಮೀಣ ಗುರುಕುಲ ಕಟ್ಟಿದ ಊರು ಹೊಸರಿತ್ತಿ. ಅಂಥ ಶಾಲೆಗಳ ತೋಟದಲ್ಲಿ ಮಕ್ಕಳು ತಿನ್ನುವ ಸಾಲಿನ ಪಕ್ಕ ಬೀಜಕ್ಕೆ ಬಿಡುವ ಸಾಲೊಂದು ಇರಲಿ.

ಹೊಸರಿತ್ತಿಯ ಹೆಸರು ಬಂದ ಮೇಲೆ 1943ರ ಏಪ್ರಿಲ್ 1 ನೆನಪಾಗದೆ ಇರದು. ಬ್ರಿಟಿಷ್ ಸರ್ಕಾರ ವಸೂಲಿ ಮಾಡಿಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋಗಿ ಮೈಲಾರ ಮಹಾದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡೇಟಿಗೆ ಬಲಿಯಾದದ್ದು ಇದೇ ಊರಿನಲ್ಲಿ. ಅವರ ಪ್ರಾಣಕ್ಕೂ ನಮ್ಮ ಬದನೆ ಬೀಜಕ್ಕೂ ಹೋಲಿಕೆ ಇಲ್ಲ, ಮಾಡಲೂಬಾರದು. ಆದರೆ ಬೆಳೆದವನ ಮೇಲೆ ಪರರು ಹಾಕುವ ವರ್ಷಾವರಿ ವಸೂಲಿ ಎಂದರೇನು ಎಂದು ಈ ಊರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಗಿನ ಕಂದಾಯ ಕಣ್ಣಿಗೆ ಕಾಣುತ್ತಿತ್ತು, ಅದಕ್ಕೆ ಸಿಟ್ಟು ಬರುತ್ತಿತ್ತು. ಬೀಜದ ಚೀಟಿಗೆ ಪ್ರತಿ ಮುಂಗಾರಿಗೆ ಕೊಡುವ ದುಡ್ಡು ಖರ್ಚಿನ ಲೆಕ್ಕದಲ್ಲಿ ಸೇರಿಹೋಗುತ್ತದೆ, ಸಿಟ್ಟೂ ಬರುವುದಿಲ್ಲ.

ಈ ಹಂಗಾಮಿನಲ್ಲಿ ನಿಮ್ಮ ಮನೆಯವರೆಲ್ಲ ಕೇಳಿ ಹಾಕಿಸಿಕೊಂಡು ಉಂಡ ಪಲ್ಯ ಯಾವುದು? ಅದು ಮುಂದಿನ ವರ್ಷವೂ ಬೇಕಾದರೆ ಆ ಗಿಡದಲ್ಲಿ ಎರಡು ಕಾಯಿ ಹರಿಯದೆ ಬಿಡಿ. ಅದು ಹೈಬ್ರಿಡ್, ಬಿಟ್ಟರೂ ಹಾಗೇ ಬರುವುದಿಲ್ಲ ಅನ್ನುವುದಾದರೆ, ಬಿಟ್ಟರೆ ಹಾಗೇ ಬರುವಂಥದ್ದನ್ನು ಇನ್ನೊಬ್ಬರ ಹಿತ್ತಲಿಂದ ಒಂದು ಹಿಡಿ ಕೇಳಿ ತನ್ನಿ. ಕೇಳುವುದಕ್ಕೆ ನಾಚಿಕೆ ಬೇಡ, ಬೀಜ ಹಾಗೆಯೇ ಊರು ತಿರುಗಿ ಬಂದಿದೆ.