ಸಾಬೀತು ಮಾಡಬೇಕಾದವರು ಯಾರು?

ಪೌರನೀತಿ ಪುಸ್ತಕದಲ್ಲಿ ‘ಮಸೂದೆಯು ಕಾನೂನಾಗುವ ಬಗೆ’ ಎಂಬ ಪಾಠವಿರುತ್ತದೆ. ಮೂರು ವಾಚನ, ಸಮಿತಿ, ರಾಜ್ಯಪಾಲರ ಅಂಕಿತ - ಇಷ್ಟನ್ನು ಬಾಯಿಪಾಠ ಮಾಡಿದರೆ ಐದು ಅಂಕ ಖಚಿತ. ಆ ಮಸೂದೆ ಸದನದ ಮೇಜಿಗೆ ಬರುವ ಮುನ್ನ ಯಾರು ಯಾರ ಬಾಗಿಲು ತಟ್ಟಿದರು, ಕಾನೂನಾದ ಮೇಲೂ ಎಷ್ಟು ಸಲ ತಟ್ಟಬೇಕಾಯಿತು ಎಂಬುದು ಮಾತ್ರ ಪಾಠದಲ್ಲಿ ಬರುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅಗ್ನಿಶಾಮಕ ಸಿಬ್ಬಂದಿ ಒಂದೇ ಕಾನೂನಿಗಾಗಿ ಸುಮಾರು ಮೂವತ್ತು ವರ್ಷ ಈ ಕೆಲಸ ಮಾಡಿದರು.

ಬೆಂಕಿ ನಂದಿಸುವಾಗ ತೊಲೆ ಬಿದ್ದು ಕಾಲು ಮುರಿದರೆ ತಕರಾರಿಲ್ಲ. ಯಾವ ದಿನ, ಯಾವ ಮನೆ, ಯಾವ ತೊಲೆ ಎಂಬುದೆಲ್ಲ ದಾಖಲೆಯಲ್ಲಿರುತ್ತದೆ, ಪರಿಹಾರ ಸಿಗುತ್ತದೆ. ಆದರೆ ಇಪ್ಪತ್ತು ವರ್ಷ ಹೊಗೆ ಕುಡಿದವನಿಗೆ ಐವತ್ತನೇ ವಯಸ್ಸಿನಲ್ಲಿ ಕ್ಯಾನ್ಸರ್ ಬಂದರೆ? ನೂರಾರು ಬೆಂಕಿಗಳಲ್ಲಿ ಅವನ ಮೈ ಸೇರಿದ ವಿಷ ಯಾವ ಬೆಂಕಿಯದು? ಪ್ಲಾಸ್ಟಿಕ್, ಫೋಮ್ ಹಾಸಿಗೆ, ಬಣ್ಣ ಬಳಿದ ಮರ ಉರಿದಾಗ ಬೆಂಜೀನ್, ಫಾರ್ಮಾಲ್ಡಿಹೈಡ್‌ಗಳಂಥ ವಸ್ತುಗಳು ಹೊರಬರುತ್ತವೆ. ಹಳೆಯ ಕಟ್ಟಡ ಕುಸಿದರೆ ಕಲ್ನಾರಿನ ಧೂಳು ಬೇರೆ. ಇವು ಉಸಿರಿನೊಂದಿಗೆ ಒಳಹೋಗುತ್ತವೆ. ಮಸಿಯಾಗಿ ಅಂಟಿಕೊಂಡು ಚರ್ಮದ ಮೂಲಕವೂ ಇಳಿಯುತ್ತವೆ. ಮಸಿ ಮೆತ್ತಿದ ಕೋಟು, ಕರಕಲಾದ ಹೆಲ್ಮೆಟ್ಟು ಬಹುಕಾಲ ಶೂರತನದ ಗುರುತಾಗಿದ್ದವು. ತೊಳೆಯದಿರುವುದೇ ಹೆಮ್ಮೆ!

ಮಸಿಯ ಮೇಲಿನ ಅನುಮಾನ ಹೊಸದೇನಲ್ಲ. ಲಂಡನ್ನಿನ ಹೊಗೆಗೂಡು ಗುಡಿಸುವ ಕೂಲಿಗಳಲ್ಲಿ ಕಾಣುವ ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ 1775ರಲ್ಲೇ ಬರೆದಿದ್ದ. ಆದರೂ ಪರಿಹಾರ ಕೇಳಿದ ಕಾಯಿಲೆಯ ಮನುಷ್ಯನಿಗೆ ‘ಇದು ಕೆಲಸದಿಂದಲೇ ಬಂತೆಂದು ಸಾಬೀತು ಮಾಡು’ ಎಂದರೆ ಅವನು ಎಲ್ಲಿಗೆ ಹೋಗಬೇಕು? ಆಸ್ಪತ್ರೆಗೋ, ಪ್ರಯೋಗಾಲಯಕ್ಕೋ?

ಅಗ್ನಿಶಾಮಕ ಸಂಘಗಳು ಹೋದದ್ದು ರಾಜಧಾನಿ ಸ್ಯಾಕ್ರಮೆಂಟೊಗೆ. ಅಲ್ಲಿನ ಅಸೆಂಬ್ಲಿಯಲ್ಲಿ 80, ಸೆನೆಟ್‌ನಲ್ಲಿ 40 ಸದಸ್ಯರು. ‘ಲಾಬಿ’ ಎಂದೊಡನೆ ನಮ್ಮವರ ಕಿವಿಗೆ ಸೂಟ್‌ಕೇಸಿನ ಸದ್ದು ಕೇಳಿಸುತ್ತದೆ. ಅಂಥ ಲಾಬಿ ಅಲ್ಲೂ ಇಲ್ಲದಿಲ್ಲ. ಆದರೆ ಶಾಸಕರನ್ನು ಕಂಡು, ಸಮಿತಿಯೆದುರು ತಮ್ಮ ಕಷ್ಟ ತಾವೇ ಹೇಳಿಕೊಳ್ಳುವುದೂ ಲಾಬಿಯೇ. ಎದುರಾಳಿಗಳೂ ಖಳನಾಯಕರೇನಲ್ಲ. ಇಂಥ ಮಸೂದೆಗಳನ್ನು ಆಕ್ಷೇಪಿಸುವವರು ಸಾಮಾನ್ಯವಾಗಿ ನಗರಾಡಳಿತಗಳು, ಕೌಂಟಿಗಳು. ಪರಿಹಾರದ ಹಣ ಹೋಗುವುದು ಅವರ ಬೊಕ್ಕಸದಿಂದ, ಅಂದರೆ ತೆರಿಗೆದಾರರ ಜೇಬಿನಿಂದ. ಆ ಮಾತಿನಲ್ಲೂ ಹುರುಳಿದೆ.

1982ರಲ್ಲಿ ಕಾನೂನು ಬಂತು. ಸೇವೆಯಲ್ಲಿದ್ದಾಗ ಕ್ಯಾನ್ಸರ್‌ಕಾರಕ ವಸ್ತುವಿನ ಸಂಪರ್ಕವಾಗಿತ್ತೆಂದು ತೋರಿಸಿದರೆ ಕಾಯಿಲೆ ಕೆಲಸದಿಂದಲೇ ಬಂದದ್ದೆಂದು ಭಾವಿಸತಕ್ಕದ್ದು. ಕಾನೂನಿನ ಭಾಷೆಯಲ್ಲಿ ಇದಕ್ಕೆ ‘ಪೂರ್ವಭಾವನೆ’ ಎನ್ನಬಹುದು. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿತ್ತು: ಆ ವಸ್ತುವಿಗೂ ಬಂದಿರುವ ಕ್ಯಾನ್ಸರಿಗೂ ‘ಯುಕ್ತ ಸಂಬಂಧ’ ಇರಬೇಕು. ಇದನ್ನು ತೋರಿಸುವ ಹೊಣೆ ನೌಕರನದೇ ಎಂದು 1994ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಕಾನೂನು ಕೊಟ್ಟಿದ್ದನ್ನು ಅದೇ ಕಾನೂನಿನ ಎರಡು ಪದಗಳು ಬಹುಪಾಲು ಹಿಂದಕ್ಕೆ ಪಡೆದಂತಾಯಿತು.

ಮತ್ತೆ ಸ್ಯಾಕ್ರಮೆಂಟೊ. 1999ರ ತಿದ್ದುಪಡಿ ಮುಟ್ಟಿದ್ದು ಆ ಪದಗಳನ್ನೇ. ಅವನ್ನು ಕಿತ್ತುಹಾಕಲಿಲ್ಲ, ಹೊಣೆಯನ್ನು ಮೇಜಿನ ಆಚೆ ಬದಿಗೆ ಸರಿಸಿತು: ಸಂಬಂಧ ಇಲ್ಲವೆಂದು ಉದ್ಯೋಗದಾತರೇ ತೋರಿಸಲಿ. ಕ್ಯಾನ್ಸರ್ ಮೊದಲು ಹುಟ್ಟಿದ ಅಂಗ ಯಾವುದೆಂದು ಗೊತ್ತಾಗಿ, ಆ ವಸ್ತುವಿಗೂ ಈ ಕಾಯಿಲೆಗೂ ಯುಕ್ತ ಸಂಬಂಧವಿಲ್ಲವೆಂದು ಸಿದ್ಧಪಡಿಸಿದರೆ ಮಾತ್ರ ಪೂರ್ವಭಾವನೆ ಬೀಳುತ್ತದೆ. ವ್ಯಾಕರಣದ ಮೇಷ್ಟರು ಕರ್ತೃಪದ ಯಾವುದೆಂದು ಪದೇ ಪದೇ ಕೇಳುವುದು ಸುಮ್ಮನೆ ಅಲ್ಲ. ಇಲ್ಲಿ ಕರ್ತೃ ಬದಲಾದದ್ದಕ್ಕೆ ಎಷ್ಟೋ ಮನೆಗಳ ಆಸ್ಪತ್ರೆ ಖರ್ಚಿನ ಪ್ರಶ್ನೆಯೇ ಬದಲಾಯಿತು.

ನಮ್ಮ ದೇಶಕ್ಕೂ ಈ ವಿಚಾರ ಅಪರಿಚಿತವಲ್ಲ. 1923ರ ಕಾರ್ಮಿಕ ಪರಿಹಾರ ಕಾಯಿದೆಯ ಅನುಸೂಚಿಯಲ್ಲಿ ಕೆಲವು ಕಸುಬುಗಳ ಕಾಯಿಲೆಗಳ ಪಟ್ಟಿಯಿತ್ತು. ಬೇರೆಯದು ಸಾಬೀತಾಗದ ಹೊರತು ಅವು ಕೆಲಸದಿಂದಲೇ ಬಂದವೆಂದು ಎಣಿಸಬೇಕಿತ್ತು. ಟಾರಿನಿಂದ ಬರುವ ಚರ್ಮದ ಕ್ಯಾನ್ಸರ್ ಆ ಪಟ್ಟಿಯಲ್ಲಿತ್ತು.

ವಿಜ್ಞಾನ ತನ್ನ ನಡಿಗೆಯಲ್ಲೇ ಬಂತು. ಷಿಕಾಗೊ, ಫಿಲಡೆಲ್ಫಿಯಾ, ಸ್ಯಾನ್‌ಫ್ರಾನ್ಸಿಸ್ಕೊಗಳ ಸುಮಾರು 30 ಸಾವಿರ ಅಗ್ನಿಶಾಮಕರ 1950ರಿಂದ 2009ರವರೆಗಿನ ದಾಖಲೆಗಳನ್ನು ಅಮೆರಿಕದ ಸರಕಾರಿ ಸಂಸ್ಥೆಯೊಂದು ಪರಿಶೀಲಿಸಿತು. ಜನಸಾಮಾನ್ಯರಿಗಿಂತ ಅವರಲ್ಲಿ ಕ್ಯಾನ್ಸರ್ ಶೇ 9ರಷ್ಟು, ಅದರಿಂದ ಸಾವು ಶೇ 14ರಷ್ಟು ಹೆಚ್ಚು ಕಂಡುಬಂತು. ಅಂತರ ಪರ್ವತದಷ್ಟಲ್ಲ. ಅದಕ್ಕೇ ಒಬ್ಬೊಬ್ಬನೇ ತನ್ನ ಕಾಯಿಲೆಗೆ ಕಾರಣ ತೋರಿಸುವುದು ಅಸಾಧ್ಯ. ಸಾವಿರಾರು ಜನರನ್ನು ಒಟ್ಟಿಗೆ ಇಟ್ಟಾಗಲೇ ಅದು ಕಣ್ಣಿಗೆ ಬೀಳುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕವೆಂದು ಸಾರಿದ್ದು 2022ರಲ್ಲಿ, ಕ್ಯಾಲಿಫೋರ್ನಿಯಾದ ಮೊದಲ ಕಾನೂನಿಗೆ 40 ವರ್ಷ ತುಂಬಿದಾಗ. ಶಾಸಕರು ಅಷ್ಟು ಕಾಲ ಕಾದಿದ್ದರೆ?

ನಿವೃತ್ತರ ವಿಷಯದಲ್ಲಿ ಜಗ್ಗಾಟ ಬೇರೆ ಬಗೆಯದು. ಒಂದು ವರ್ಷದ ಸೇವೆಗೆ ಮೂರು ತಿಂಗಳಂತೆ, ಕೆಲಸ ಬಿಟ್ಟ ಮೇಲೂ ಪೂರ್ವಭಾವನೆ ಅನ್ವಯಿಸುತ್ತದೆ. ಇದರ ಮಿತಿ ಐದು ವರ್ಷವಿತ್ತು. 2010ರಲ್ಲಿ ವಿಲಿಯಂ ಡಲ್ಲಾಸ್ ಜೋನ್ಸ್ ಹೆಸರಿನ ಕಾಯಿದೆ ಅದನ್ನು ಹತ್ತು ವರ್ಷಕ್ಕೆ ಏರಿಸಿತು. ಕಲ್ನಾರಿನ ಧೂಳು ಶ್ವಾಸಕೋಶದ ಪೊರೆಯಲ್ಲಿ ಕ್ಯಾನ್ಸರ್ ಹುಟ್ಟಿಸಲು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷ ತೆಗೆದುಕೊಳ್ಳುತ್ತದೆ.