ಹಳೆಯ ಕಂಪ್ಯೂಟರಿಗೆ ಬದು ಹಾಕಿಸಿರಿ, ಕನ್ನಡವನ್ನು ಅಳಿಸಬೇಡಿರಿ



ನಿಮ್ಮ ಮಕ್ಕಳು ಕಲಿಯುವ ಶಾಲೆಯ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಕಂಪ್ಯೂಟರ್ ಒಂದಿದ್ದರೆ, ಮುಂದಿನ ಸಲ ಶಾಲೆಗೆ ಬಂದಾಗ ಅದನ್ನು ಸ್ವಲ್ಪ ನೋಡಿರಿ. ಅದರೊಳಗೆ ಏನಿದೆ ಎಂದು ಗುರುಗಳನ್ನು ಕೇಳಿರಿ. ಈ ಮಾತನ್ನು ನಾನು ಪೆಟ್ಟು ತಿಂದು ಕಲಿತು ಹೇಳುತ್ತಿದ್ದೇನೆ.

ನಾನು ಕಲಿಸುವ ಶಾಲೆಯಲ್ಲಿ ವಿಂಡೋಸ್ 7 ಇದ್ದ ಹಳೆಯ ಕಂಪ್ಯೂಟರ್ ಒಂದಿತ್ತು. ಅದರಲ್ಲಿ ನುಡಿ ತಂತ್ರಾಂಶ, ಹಲವು ವರ್ಷಗಳ ಪ್ರಶ್ನೆಪತ್ರಿಕೆಗಳು, ಮಕ್ಕಳು ತಾವೇ ಬೆರಳಚ್ಚು ಮಾಡಿದ ನಿಬಂಧಗಳು ಇದ್ದವು. ಯಂತ್ರ ನಿಧಾನವಾಯಿತೆಂದು ಪೇಟೆಯಿಂದ ರಿಪೇರಿಯವರನ್ನು ಕರೆಸಿದೆವು. ಅವರು ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ, ಮೇಲೆ ಹೊಸ ವ್ಯವಸ್ಥೆ ಹಾಕಿ ಹೋದರು. ಯಂತ್ರ ಚುರುಕಾಯಿತು. ಆದರೆ ಅದರಲ್ಲಿ ಒಂದು ಕನ್ನಡ ಅಕ್ಷರವೂ ಉಳಿದಿರಲಿಲ್ಲ. ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ತಪ್ಪಿನ ಅರ್ಧ ಪಾಲು ನಮ್ಮದೇ.

ಅದೇ ವರ್ಷ ಒಬ್ಬ ತಂದೆ ಮಗನ ಟಿ.ಸಿ. ಕೇಳಲು ಬಂದರು. "ಗುರುಗಳೇ, ಕನ್ನಡ ಓದಿದ್ರ ಕಂಪ್ಯೂಟರ್ ಎಲ್ಲಿ ಬರ್ತದ್ರೀ?" ಎಂದರು. ಬರುತ್ತದೆ ಎಂದು ಹೇಳಿದೆ. ಆದರೆ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮಗು ಹೋಯಿತು.

ಅಂದು ಮಾಡಬೇಕಾಗಿದ್ದ ಕೆಲಸ ಬೇರೆ ಇತ್ತು. ಒಂದೇ ಹೊಲಕ್ಕೆ ನಡುವೆ ಬದು ಹಾಕಿ ಎರಡು ಬೆಳೆ ತೆಗೆಯುವುದು ನಿಮಗೆ ಗೊತ್ತು. ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೂ ಹಾಗೆ ಬದು ಹಾಕಬಹುದು. ಅದಕ್ಕೆ ಪಾರ್ಟಿಶನ್ ಎನ್ನುತ್ತಾರೆ. ಒಂದು ಭಾಗದಲ್ಲಿ ಹಳೆಯ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಇರುತ್ತದೆ. ಯಂತ್ರ ಚಾಲೂ ಮಾಡಿದಾಗ ಎರಡೂ ಹೆಸರು ಪರದೆಯ ಮೇಲೆ ಬರುತ್ತವೆ. ಬೇಕಾದುದನ್ನು ಆರಿಸಿಕೊಳ್ಳುವುದು. ಇದೇ ಡ್ಯುಯಲ್ ಬೂಟ್.

ಹಳೆಯದನ್ನು ಏಕೆ ಇಟ್ಟುಕೊಳ್ಳಬೇಕು ಎಂದು ಕೇಳುವಿರಿ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬರೆದ ಫೈಲುಗಳೊಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಆ ಫಾಂಟು ಅವುಗಳಿಗೆ ಕನ್ನಡದ ವೇಷ ತೊಡಿಸುತ್ತದೆ, ಅಷ್ಟೇ. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಆದ್ದರಿಂದ ಹಳೆಯ ಭಾಗವನ್ನು ಉಳಿಸಿಕೊಂಡು, ಪರಿವರ್ತಕದಿಂದ ಒಂದೊಂದೇ ಫೈಲನ್ನು ಯೂನಿಕೋಡಿಗೆ ತರಬೇಕು. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ಎಲ್ಲ ಫೈಲುಗಳು ಬದಲಾದ ಮೇಲೆ ಹಳೆಯ ಭಾಗಕ್ಕೆ ಬೀಳ್ಕೊಡುಗೆ ಕೊಡಬಹುದು.

ಹಾಗಾದರೆ ಹಳೆಯದರಲ್ಲಿಯೇ ಏಕೆ ಇರಬಾರದು? ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ನಿಂತಿತು. ಬೆಂಬಲವಿಲ್ಲದ ವ್ಯವಸ್ಥೆಯನ್ನು ಇಂಟರ್ನೆಟ್ಟಿಗೆ ಜೋಡಿಸುವುದೆಂದರೆ ಅಗಳಿ ಇಲ್ಲದ ಬಾಗಿಲು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿಯೂ ಹೊಸ ತಲೆಮಾರಿನ ಪ್ರೊಸೆಸರೂ ಬೇಕು. ಹಳೆಯ ಯಂತ್ರ ಆ ಭಾರ ಹೊರಲಾರದು. ಹಗುರವಾದ ಲಿನಕ್ಸನ್ನು ಹೊತ್ತೀತು. ಅದಕ್ಕೆ ಲೈಸೆನ್ಸಿನ ಹಣವೂ ಬೇಡ.

ಕೆಲಸ ಮಾಡಿಸುವಾಗ ಈ ಕ್ರಮ ತಪ್ಪಬಾರದು. ಮೊದಲು ಎಲ್ಲ ಫೈಲುಗಳ ನಕಲನ್ನು ಬೇರೆ ಡಿಸ್ಕಿಗೆ ತೆಗೆಯಬೇಕು. ಬದು ಹಾಕುವಾಗ ಕರೆಂಟು ಹೋದರೂ ಸಾಕು, ಎಲ್ಲವೂ ಕೈಬಿಟ್ಟು ಹೋದೀತು. ಎರಡನೆಯದು, ವಿಂಡೋಸ್ 7ರಲ್ಲಿಯೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದ ಹಳೆಯ ಭಾಗವನ್ನು ಕುಗ್ಗಿಸಿ ಜಾಗ ಬಿಡಿಸಬೇಕು. 320 ಜಿಬಿ ಡಿಸ್ಕಾದರೆ ಹಳೆಯದಕ್ಕೆ 100, ಲಿನಕ್ಸಿಗೆ 60, ಉಳಿದದ್ದು ಎರಡೂ ಕಡೆಯಿಂದ ತೆರೆಯಬಹುದಾದ ಉಗ್ರಾಣ. ಲಿನಕ್ಸಿನ ಭಾಗವನ್ನು ವಿಂಡೋಸ್ ಓದಲಾರದು, ವಿಂಡೋಸಿನ ಎನ್‌ಟಿಎಫ್‌ಎಸ್ ಭಾಗವನ್ನು ಲಿನಕ್ಸ್ ಓದಬಲ್ಲದು. ಆದ್ದರಿಂದ ಉಗ್ರಾಣ ಎನ್‌ಟಿಎಫ್‌ಎಸ್ ಇರಲಿ. ಮೂರನೆಯದು, ಹಳೆಯದು ಮೊದಲು, ಲಿನಕ್ಸ್ ಕೊನೆಗೆ. ಹಿಂದುಮುಂದಾದರೆ ವಿಂಡೋಸ್ ತನ್ನ ಹೆಸರನ್ನಷ್ಟೇ ಬಾಗಿಲಲ್ಲಿ ಬರೆದುಕೊಳ್ಳುತ್ತದೆ. ಕೊನೆಗೆ ಬಂದ ಲಿನಕ್ಸ್ ಇಬ್ಬರ ಹೆಸರನ್ನೂ ಬರೆಯಬಲ್ಲದು.

ಬಳಿಕ ವಿಂಡೋಸಿನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಿದರೆ ಗಾಬರಿ ಬೇಡ. ಲಿನಕ್ಸ್ ಯಂತ್ರದ ಗಡಿಯಾರವನ್ನು ಗ್ರೀನ್‌ವಿಚ್ ವೇಳೆಗೆ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ವೇಳೆ ಎಂದು ಓದುತ್ತದೆ. ಒಂದು ಆಜ್ಞೆಯಿಂದ ಸರಿಹೋಗುತ್ತದೆ. ಆದರೆ ಒಂದು ಮಾತು ನೆನಪಿರಲಿ. ಬದು ಹಾಕಿದ ಮಾತ್ರಕ್ಕೆ ಹೊಲ ಎರಡಾಗುವುದಿಲ್ಲ. ಡಿಸ್ಕು ಕೆಟ್ಟರೆ ಎರಡೂ ಭಾಗ ಹೋಗುತ್ತವೆ. ಹೊರಗಿನ ನಕಲು ಯಾವಾಗಲೂ ಇರಲೇಬೇಕು.

ಲಿನಕ್ಸಿನಲ್ಲಿ ಕನ್ನಡ ನಡೆಯುತ್ತದೆಯೇ ಎಂಬ ಸಂದೇಹ ಬೇಡ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಕ್ರಮದಿಂದ ಬೆಳೆದ ಕಗಪ ವಿನ್ಯಾಸ ಅದರಲ್ಲಿಯೇ ಇದೆ. ಲಿಬ್ರೆ ಆಫೀಸಿನ ಪರದೆಯನ್ನು ಕನ್ನಡಕ್ಕೆ ತಿರುಗಿಸಬಹುದು. ನಮ್ಮಂತೆಯೇ ಗಡಿಯಲ್ಲಿರುವ ಕಾಸರಗೋಡನ್ನು ನೋಡಿರಿ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಶಾಲೆಗಳಿಗೆ ಲಿನಕ್ಸನ್ನು ತಂದಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಠ್ಯಪುಸ್ತಕ ಕನ್ನಡದಲ್ಲಿಯೇ ಸಿಗುತ್ತದೆ. ಅಲ್ಲಿ ಆದದ್ದು ಇಲ್ಲಿ ಏಕೆ ಆಗಬಾರದು?

ಎರಡು ವ್ಯವಸ್ಥೆಯಿಂದ ಮಕ್ಕಳಿಗೆ ಗೊಂದಲವಾದೀತು ಎನ್ನುವವರಿದ್ದಾರೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಪಕ್ಕದ ಮನೆಯಲ್ಲಿ ಉರ್ದು ಆಡುವವರು. 2018ರ ಕಾನೂನಿನಿಂದ ಶಾಲೆಯಲ್ಲಿ ತೆಲುಗು ಕಡ್ಡಾಯವಾಯಿತು, ಅದನ್ನೂ ಕಲಿಯುತ್ತಾರೆ. ಅಂಥವರಿಗೆ ಪರದೆಯ ಮೇಲಿನ ಎರಡು ಹೆಸರು ಯಾವ ಲೆಕ್ಕ? ಒಂದು ಬರಲೆಂದು ಇನ್ನೊಂದನ್ನು ಅಳಿಸಬೇಕಾಗಿಲ್ಲ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಮತ್ತು ಗುಲಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಕ್ಕೆ ಸೇರಿದವು. 2014ರಿಂದ ತೆಲಂಗಾಣದಲ್ಲಿವೆ. ಅಂದು ನೆಲಕ್ಕೆ ಗೆರೆ ಎಳೆದರು, ಆದರೆ ನುಡಿಯನ್ನು ಅಳಿಸಲಿಲ್ಲ. ಅದೇ ವರ್ಷದ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಬೇಕೆನ್ನುತ್ತದೆ. ಅಂದಿಗೆ ಸೌಕರ್ಯವೆಂದರೆ ಗುರು, ಪುಸ್ತಕ, ಹಲಗೆ. ಇಂದು ಕನ್ನಡ ಬರೆಯಬಲ್ಲ ಕಂಪ್ಯೂಟರೂ ಅದರಲ್ಲಿ ಸೇರಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸ್ಥಾನ ಪಾಲಕರದೇ. ಮುಂದಿನ ಸಭೆಯಲ್ಲಿ ಮೂರು ಠರಾವು ಬರೆಸಿರಿ: ನಕಲು ತೆಗೆಯದೆ ಶಾಲೆಯ ಯಾವ ಡಿಸ್ಕನ್ನೂ ಫಾರ್ಮ್ಯಾಟ್ ಮಾಡಬಾರದು. ಹಳೆಯದನ್ನು ಉಳಿಸಿ ಪಕ್ಕದಲ್ಲಿ ಹೊಸದನ್ನು ಹಾಕಬೇಕು. ಹೊಸದರಲ್ಲಿ ಕನ್ನಡ ಕೀಲಿಮಣೆ ನಡೆಯುವುದನ್ನು ನೋಡಿದ ಮೇಲೆಯೇ ರಿಪೇರಿಯವರಿಗೆ ಹಣ ಕೊಡಬೇಕು.

ಕೊನೆಯ ಠರಾವಿನ ಪರೀಕ್ಷೆಗೆ ನಿಮ್ಮ ಮಗುವನ್ನೇ ಕರೆಯಿರಿ. ತನ್ನ ಹೆಸರನ್ನೂ ಊರಿನ ಹೆಸರನ್ನೂ ಕನ್ನಡದಲ್ಲಿ ಬರೆದು ತೋರಿಸಲಿ. ನಾಳೆ ಟಿ.ಸಿ. ಕೇಳಲು ಬರುವ ತಂದೆಗೆ ತೋರಿಸಲು ನಮಗೆ ಆ ಪರದೆ ಸಾಕು.