ಚಟ್ನಿ ಚೆಲ್ಲುವ ಅಧಿಕಾರ ಯಾರಿಗೆ?

ಅಬಿಡ್ಸ್‌ನ ಭಾನುವಾರ ಹೇಗಿರುತ್ತದೆಂದು ಇಲ್ಲಿನ ಹೋಟೆಲಿನವರಿಗೆ ಹೇಳಬೇಕಾಗಿಲ್ಲ. ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಹುಡುಕಿ ಸುಸ್ತಾದವರೆಲ್ಲ ಇಡ್ಲಿ, ದೋಸೆಗೆ ಬರುತ್ತಾರೆ. ಅಂಥ ಒಂದು ಭಾನುವಾರ ನಮ್ಮ ಸೂಪರ್‌ವೈಸರ್ ಅರ್ಧ ಬಕೆಟ್ ಕಾಯಿ ಚಟ್ನಿ ಚೆಲ್ಲಿಸಿಬಿಟ್ಟರು. ಹೊಸ ಹುಡುಗ ಬೆಳಗ್ಗೆ ಉಳಿದ ಚಟ್ನಿಯ ಮೇಲೆಯೇ ಹೊಸದನ್ನು ಸುರಿದಿದ್ದ. ನಾವು ಗಲ್ಲಾದಲ್ಲಿ ಕುಳಿತೇ ಗದರಿದೆವು: "ಏನ್ರೀ, ತೆಂಗಿನಕಾಯಿ ರೇಟು ಗೊತ್ತುಂಟಾ ನಿಮಗೆ?" ಗಿರಾಕಿಗಳ ಎದುರೇ. "ಆಯ್ತು ಧಣಿ" ಎಂದು ಅವರು ಸುಮ್ಮನಾದರು. ಮತ್ತೆ ಚಟ್ನಿಯನ್ನು ಮೂಸಿ ನೋಡುವುದನ್ನೇ ಬಿಟ್ಟರು. ತಿಂಗಳೊಳಗೆ ಗಿರಾಕಿಯೊಬ್ಬರು ಹುಳಿ ಚಟ್ನಿಯ ತಟ್ಟೆಯನ್ನು ಗಲ್ಲಾದ ಮೇಲೇ ತಂದಿಟ್ಟರು. ಆ ತಪ್ಪು ಸೂಪರ್‌ವೈಸರದ್ದೆಂದು ಹೇಳಲು ನಮಗೆ ಬಾಯಿ ಬರಲಿಲ್ಲ.

ಹಿಂದೆ ಸೂಪರ್‌ವೈಸರ್ ಎಂದರೆ ಲೋಟ ತೊಳೆಯುವಲ್ಲಿಂದ ಶುರು ಮಾಡಿ, ಸಪ್ಲೈಯರ್ ಆಗಿ ಮೇಲೆ ಬಂದವರು. ಹುಡುಗರೂ ಉಡುಪಿ, ಕುಂದಾಪುರ ಕಡೆಯವರೇ. ಈಗ ಒಡಿಶಾ, ಬಿಹಾರ, ಬಂಗಾಳದಿಂದ ಬರುತ್ತಾರೆ. ಕನ್ನಡವೂ ಬಾರದು, ತೆಲುಗೂ ಬಾರದು. "ನೋಡಿ ಕಲಿ" ಎಂದರೆ ಅವರು ಏನನ್ನು ನೋಡಬೇಕು? ಮೇಜು ಒರೆಸುವ ಬಟ್ಟೆಯಲ್ಲಿ ತಟ್ಟೆ ಒರೆಸಬಾರದು, ಸಾಂಬಾರಿನ ಬಿಸಿ 60 ಡಿಗ್ರಿಗಿಂತ ಕೆಳಗಿಳಿಯಬಾರದು ಎಂಬುದನ್ನೆಲ್ಲ ಕೈಹಿಡಿದು ತೋರಿಸಬೇಕು. ಆದರೆ ತೋರಿಸಬೇಕಾದವರನ್ನು ನಾವು ಬಿಲ್ಲಿಗೆ, ಪಾರ್ಸಲಿಗೆ, ಆನ್‌ಲೈನ್ ಆರ್ಡರಿಗೆ ಕಟ್ಟಿಹಾಕಿದ್ದೇವೆ.

25 ಕೆಲಸಗಾರರಿಗೆ ಒಬ್ಬರಂತೆ ತರಬೇತಿ ಪಡೆದ ಆಹಾರ ಸುರಕ್ಷತಾ ಸೂಪರ್‌ವೈಸರ್ ಇರಬೇಕೆಂದು ಎಫ್‌ಎಸ್‌ಎಸ್‌ಎಐ ಹೇಳುತ್ತದೆ. ಇದಕ್ಕಾಗಿಯೇ 2017ರಲ್ಲಿ 'ಫೋಸ್ಟ್ಯಾಕ್' ತರಬೇತಿ ಶುರುವಾಯಿತು. ನಮ್ಮವರೂ ಹೋಗಿ ಬಂದರು. ಸರ್ಟಿಫಿಕೇಟು ದೇವರ ಫೋಟೋದ ಪಕ್ಕ ತೂಗಾಡುತ್ತಿದೆ, ಅದಕ್ಕೂ ದಿನಾ ಊದುಬತ್ತಿಯ ಹೊಗೆ ತಾಗುತ್ತದೆ! ಕಲಿತದ್ದನ್ನು ಹುಡುಗರಿಗೆ ಹೇಳಿಕೊಡಲು ಮಾತ್ರ ಸಮಯ ಕೊಟ್ಟವರಲ್ಲ ನಾವು.

ಮಧ್ಯಾಹ್ನ ಮೂರರ ಮೇಲೆ ರಶ್ ಇಳಿಯುತ್ತದಲ್ಲ, ಆಗ ಅರ್ಧ ಗಂಟೆ ಅವರನ್ನು ಬಿಟ್ಟುಕೊಡಿ. ಸೂಪರ್‌ವೈಸರರಿಗೂ ಒಂದು ಮಾತು: ಬೆಳಗ್ಗೆ ಬಾಗಿಲು ತೆರೆಯುವ ಮೊದಲು ಹುಡುಗರ ಉಗುರು, ಕೈಗಾಯ ನೋಡಬೇಕಾದವರು ನೀವೇ. ಭೇದಿ, ಜ್ವರ ಇದ್ದವನನ್ನು ಅಡುಗೆಮನೆಯಿಂದ ಹೊರಗಿಡಬೇಕಾದವರೂ ನೀವೇ. ಆದರೆ ಮಾಲೀಕರೇ, ಅವನ ಆ ದಿನದ ಸಂಬಳ ಹಿಡಿದರೆ ನಾಳೆಯಿಂದ ಯಾವ ಹುಡುಗನೂ ಕಾಯಿಲೆ ಹೇಳುವುದಿಲ್ಲ.

ಈಗ ನಮ್ಮಲ್ಲಿ ಚೆಲ್ಲಿದ್ದನ್ನು ಬರೆಯಲು ಒಂದು ಪುಸ್ತಕ ಇಟ್ಟಿದ್ದೇವೆ. ಸೂಪರ್‌ವೈಸರ್ ಯಾರನ್ನೂ ಕೇಳದೆ ಚೆಲ್ಲಬಹುದು, ಬರೆದರಾಯಿತು. ಮೊದಲ ವಾರವೇ ಏಳು ಸಲ ಬರೆದಿದ್ದರು. ನೋಡಿ ಹೊಟ್ಟೆ ಉರಿಯಿತು. ಪುಸ್ತಕವನ್ನು ಮಾತ್ರ ಇನ್ನೂ ತೆಗೆದಿಲ್ಲ.